ಕೆಂಪು ಇಂಜೆಕ್ಷನ್ ಅಮ್ಮನ ಡಿಎನ್‌ಎಯನ್ನು ಬಿಚ್ಚಿಹಾಕುತ್ತದೆಯೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ತಾಯಿಗೆ 54 ವರ್ಷ, ಹತ್ತು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎಡ ಸ್ತನದ ಕ್ಯಾನ್ಸರ್‌ಗೆ ಎರಡು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆ ಆಯಿತು. ಕಂಕುಳಿನ ಎರಡು ಗ್ರಂಥಿಗಳಲ್ಲೂ ಕ್ಯಾನ್ಸರ್ ಇತ್ತು. ವರದಿಯಲ್ಲಿ ಹರ್-2 (ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಹೆಚ್ಚಾಗಿರುವ ಒಂದು ಪ್ರೋಟೀನ್) ನೆಗೆಟಿವ್ ಎಂದಿದೆ. ಈಗ ಮೂರು ವಾರಕ್ಕೊಮ್ಮೆ ಕೆಂಪು ಬಣ್ಣದ ಡಾಕ್ಸೋರುಬಿಸಿನ್, ಜೊತೆಗೆ ಸೈಕ್ಲೋಫಾಸ್ಫಮೈಡ್ ಕೊಡುತ್ತಿದ್ದಾರೆ. ನಾಲ್ಕು ಸುತ್ತುಗಳಲ್ಲಿ ಎರಡು ಮುಗಿದಿವೆ, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಇದೆಯಂತೆ. ಈ ಕೆಂಪು ಔಷಧ ಡಿಎನ್‌ಎ ಮೇಲಿರುವ ಹಿಸ್ಟೋನ್ ಎಂಬ ಪ್ರೋಟೀನುಗಳನ್ನು ಕಿತ್ತುಹಾಕುತ್ತದೆ ಎಂದು ಓದಿದೆ. ಹಾಗಾದರೆ ಅಮ್ಮನ ವಂಶವಾಹಿಗಳು ಶಾಶ್ವತವಾಗಿ ಕೆಟ್ಟುಹೋಗುತ್ತವೆಯೇ? ಅದು ನನಗೆ, ನನ್ನ ನಾಲ್ಕು ತಿಂಗಳ ಮಗುವಿಗೆ ಬರುತ್ತದೆಯೇ? ಮಗುವನ್ನು ಎತ್ತಿಕೊಳ್ಳಲೂ ಅಮ್ಮ ಹೆದರುತ್ತಿದ್ದಾರೆ. ಅರಿಶಿನದ ಕ್ಯಾಪ್ಸೂಲ್, ಲಕ್ಷ್ಮಣ ಫಲದ ಎಲೆಯ ಕಷಾಯ ಇದೇ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತವೆ, ಬೆಂಗಳೂರಿನ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಕೆಂಪು ಔಷಧವನ್ನು ಇಲ್ಲಿಗೇ ನಿಲ್ಲಿಸಿ, ಈ ಪ್ರೋಟೀನುಗಳ ಮೇಲಷ್ಟೇ ಕೆಲಸ ಮಾಡುವ ಬೇರೆ ಔಷಧ ಕೇಳಬಹುದೇ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಪ್ರಶ್ನೆ ಬಂದಾಗ "ಅದೆಲ್ಲ ಮೊಬೈಲಿನಲ್ಲಿ ಬರುವ ಕತೆ, ತಲೆ ಕೆಡಿಸಿಕೊಳ್ಳಬೇಡಿ" ಎಂದು ನಾವು ವೈದ್ಯರು ಮಾತು ಮುಗಿಸಿಬಿಡುವುದುಂಟು. ಡಾಕ್ಸೋರುಬಿಸಿನ್ ಹಿಸ್ಟೋನ್‌ಗಳನ್ನು ಡಿಎನ್‌ಎಯಿಂದ ಕಳಚುತ್ತದೆ, ನಿಜ. ಆದರೆ ನಿಮ್ಮ ಪತ್ರ ಅಲ್ಲಿಂದ ಎರಡು ದೊಡ್ಡ ಹೆಜ್ಜೆ ಮುಂದೆ ಹಾಕಿದೆ: ಕಳಚಿದ್ದು ಶಾಶ್ವತ, ಶಾಶ್ವತವಾದದ್ದು ಮಗುವಿಗೂ ಬರುತ್ತದೆ. ಈ ಎರಡು ಹೆಜ್ಜೆಗಳ ಕೆಳಗೆ ನೆಲವಿಲ್ಲ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಹಿಸ್ಟೋನ್ ಬಗ್ಗೆ ಇಷ್ಟು ಬರೆದ ನೀವು ಬಿ.ಪಿ. ವಿಷಯವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಈ ಔಷಧ ಪಡೆಯುತ್ತಿರುವ 54ರ ಹೆಂಗಸಿನ ವಿಷಯದಲ್ಲಿ ನಾನು ಮೊದಲು ಕೇಳುವುದೇ ಅದನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ಹಿಸ್ಟೋನ್ ಎಂದರೇನು ಎಂಬುದನ್ನು ನಿಮ್ಮ ಮನೆಯ ಕೆಲಸದಿಂದಲೇ ಹೇಳುವುದು ಸುಲಭ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇರುತ್ತದೆ. ಅದು ಹಿಡಿಯಬೇಕಾದ ಕೋಶಕೇಂದ್ರವೋ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲವೂ ಇಲ್ಲ. ಅಷ್ಟು ಎಳೆಯನ್ನು ಸುಮ್ಮನೆ ತುರುಕಿದರೆ ಸಿಕ್ಕು ಬೀಳುವುದು ಖಂಡಿತ. ಆದ್ದರಿಂದ ಕಂಡಿಕೆಗೆ ನೂಲು ಸುತ್ತಿದ ಹಾಗೆ ಅದನ್ನು ಸುತ್ತಿಟ್ಟಿದೆ. ಆ ಕಂಡಿಕೆಗಳೇ ಹಿಸ್ಟೋನ್‌ಗಳು. ಎಂಟು ಹಿಸ್ಟೋನ್ ಸೇರಿದರೆ ಒಂದು ಕಂಡಿಕೆ. ಅದರ ಮೇಲೆ ಡಿಎನ್‌ಎಯ 147 ಅಕ್ಷರಜೋಡಿಗಳು ಎರಡು ಸುತ್ತಿಗಿಂತ ತುಸು ಕಡಿಮೆ ಸುತ್ತಿಕೊಂಡಿರುತ್ತವೆ. ಇಂಥ ಸುಮಾರು ಮೂರು ಕೋಟಿ ಕಂಡಿಕೆಗಳು ಒಂದೇ ಕೋಶದಲ್ಲಿವೆ. ಎಳೆ, ಕಂಡಿಕೆ, ಅವುಗಳ ನಡುವೆ ಓಡಾಡುವ ಹತ್ತಾರು ಬೇರೆ ಪ್ರೋಟೀನುಗಳು, ಎಲ್ಲ ಸೇರಿದ್ದಕ್ಕೆ ಕ್ರೊಮ್ಯಾಟಿನ್ ಎನ್ನುತ್ತಾರೆ.

ಇದು ಬರೀ ಗೋದಾಮಿನ ವ್ಯವಸ್ಥೆಯಲ್ಲ. ಬಿಗಿಯಾಗಿ ಸುತ್ತಿದ ಕಡೆಯ ವಂಶವಾಹಿಗಳನ್ನು ಕೋಶ ಓದಲಾರದು, ಸಡಿಲವಾಗಿರುವ ಕಡೆಯವನ್ನು ಓದಬಲ್ಲದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ತಿಳಿಸಲು ಹಿಸ್ಟೋನ್‌ಗಳ ಮೇಲೆ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಅಂಗಡಿಯವರು ಗಂಟುಗಳ ಮೇಲೆ ಹಚ್ಚುವ ಶಾಯಿಯ ಗುರುತು ಎಂದುಕೊಳ್ಳಿ. ಕ್ಯಾನ್ಸರ್ ಕೋಶಗಳಲ್ಲಿ ಈ ಗುರುತುಗಳು ಬಹಳ ಸಲ ಅಡ್ಡಾದಿಡ್ಡಿಯಾಗಿರುತ್ತವೆ. ಕೋಶದ ಬೆಳವಣಿಗೆಗೆ ತಡೆ ಹಾಕಬೇಕಾದ ವಂಶವಾಹಿ ಬಿಗಿದು ಮೂಕವಾಗಿರುತ್ತದೆ, ಭ್ರೂಣದ ಕಾಲಕ್ಕೇ ಮುಚ್ಚಿಹೋಗಬೇಕಿದ್ದದ್ದು ತೆರೆದುಕೊಂಡಿರುತ್ತದೆ.

ಈಗ ಕೆಂಪು ಔಷಧಕ್ಕೆ ಬರೋಣ. ಇದರ ಮೂಲ ಇಟಲಿಯ ಕ್ಯಾಸ್ಟೆಲ್ ಡೆಲ್ ಮಾಂಟೆ ಎಂಬ ಕೋಟೆಯ ಬಳಿಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ. ಅದು ತಯಾರಿಸುವ ವಸ್ತುವೇ ಕೆಂಪು, ಬಣ್ಣ ಬೆರೆಸಿದ್ದಲ್ಲ. ಪಕ್ಕದ ಏಡ್ರಿಯಾಟಿಕ್ ಸಮುದ್ರದ ಹೆಸರಿನಿಂದ ಏಡ್ರಿಯಮೈಸಿನ್ ಎಂದು ಕರೆದರು. ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ಸಿಕ್ಕಿದ್ದು 1974ರಲ್ಲಿ. ಡಿಎನ್‌ಎ ಹಿಸ್ಟೋನ್‌ಗಳ ಸುತ್ತ ಹೀಗೆ ಸುತ್ತಿಕೊಂಡಿದೆ ಎಂದು ವಿಜ್ಞಾನಿ ರೋಜರ್ ಕಾರ್ನ್‌ಬರ್ಗ್ ಮುಂದಿಟ್ಟದ್ದೂ ಅದೇ ವರ್ಷ. ಔಷಧಕ್ಕೂ ಕಂಡಿಕೆಗೂ ನಂಟಿದೆ ಎಂದು ಸ್ಪಷ್ಟವಾಗಿ ಕಾಣಲು ಮತ್ತೆ ಸುಮಾರು ನಾಲ್ಕು ದಶಕ ಬೇಕಾಯಿತು. ಅಷ್ಟು ವರ್ಷ ಲಕ್ಷಾಂತರ ರೋಗಿಗಳಿಗೆ ಈ ಔಷಧ ಕೊಟ್ಟ ನಮಗೆ ಅದರ ಅರ್ಧ ಕೆಲಸವಷ್ಟೇ ತಿಳಿದಿತ್ತು ಎನ್ನುವುದನ್ನು ನಾನು ವಿದ್ಯಾರ್ಥಿಗಳಿಗೆ ಈಗಲೂ ಹೇಳುತ್ತಿರುತ್ತೇನೆ.

ಆ ತಿಳಿದಿದ್ದ ಅರ್ಧ ಇದು. ಡಿಎನ್‌ಎ ಎಳೆ ಹುರಿಗೊಂಡು ಬಿಗಿದಾಗ ಅದನ್ನು ಒಂದು ಕಡೆ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಗಂಟು ಹಾಕುವ ಪ್ರೋಟೀನ್ ಒಂದಿದೆ. ಟೋಪೋಐಸೋಮರೇಸ್-2 ಎಂದು ಅದರ ಹೆಸರು. ಎಡೆಬಿಡದೆ ವಿಭಜನೆಯಾಗುವ ಗಡ್ಡೆಯ ಕೋಶಗಳಿಗೆ ಈ ಕೆಲಸಗಾರ ಬೇಕೇ ಬೇಕು. ಅವನು ಎಳೆಯನ್ನು ಕತ್ತರಿಸಿದ ಮೇಲೆ, ಗಂಟು ಹಾಕುವ ಮೊದಲು, ಡಾಕ್ಸೋರುಬಿಸಿನ್ ಅವನನ್ನು ಹಿಡಿದು ನಿಲ್ಲಿಸುತ್ತದೆ. ಎಳೆ ತುಂಡಾಗಿಯೇ ಉಳಿಯುತ್ತದೆ. ಸಾಕಷ್ಟು ಕಡೆ ಹೀಗಾದರೆ ಕೋಶ ಸಾಯುತ್ತದೆ.

ಉಳಿದ ಅರ್ಧ ಹೊರಬಂದದ್ದು 2013ರಲ್ಲಿ. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಾಕ್ ನೀಫ್ಯೆಸ್ ಅವರ ಡಚ್ ತಂಡ, ಸಿಯಾಟಲ್‌ನಲ್ಲಿ ಸ್ಟೀವನ್ ಹೆನಿಕಾಫ್ ಅವರ ತಂಡ, ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಕಡೆ ತಲುಪಿದವು. ಡಾಕ್ಸೋರುಬಿಸಿನ್‌ನ ಚಪ್ಪಟೆಯಾದ ಭಾಗ ಡಿಎನ್‌ಎಯ ಅಕ್ಷರಜೋಡಿಗಳ ನಡುವೆ ತೂರಿಕೊಳ್ಳುತ್ತದೆ, ಅದಕ್ಕೆ ಅಂಟಿದ ಸಕ್ಕರೆಯ ಭಾಗ ಎಳೆಯ ತೋಡಿನಲ್ಲಿ ಕುಳಿತು ಅಲ್ಲಿ ಕೈಯಿಟ್ಟಿದ್ದ ಹಿಸ್ಟೋನನ್ನು ತಳ್ಳುತ್ತದೆ. ಗೂಡನ್ನು ಬಿಸಿನೀರಿಗೆ ಹಾಕಿದರೆ ಅಂಟು ಸಡಿಲಗೊಂಡು ಎಳೆ ಬಿಟ್ಟುಕೊಳ್ಳುವುದನ್ನು ನೀವು ದಿನವೂ ನೋಡುತ್ತೀರಿ. ಇಲ್ಲಿಯೂ ಹಿಡಿತ ಸಡಿಲಗೊಂಡು ಕಂಡಿಕೆ ಎಳೆಯಿಂದ ಬೇರೆಯಾಗುತ್ತದೆ. ವಂಶವಾಹಿಗಳನ್ನು ಓದಲು ಆರಂಭಿಸುವ ಜಾಗಗಳ ಆಸುಪಾಸಿನಲ್ಲಿ, ಅಂದರೆ ಮೊದಲೇ ಸಡಿಲವಾಗಿರುವ ಕಡೆ, ಇದು ಹೆಚ್ಚು. ಡಚ್ ತಂಡದವರು ಹಿಸ್ಟೋನ್‌ಗಳಿಗೆ ಹೊಳೆಯುವ ಗುರುತು ಕಟ್ಟಿ, ಬದುಕಿರುವ ಕ್ಯಾನ್ಸರ್ ಕೋಶದೊಳಗೆ ಅವು ಡಿಎನ್‌ಎ ಬಿಟ್ಟು ಹೋಗುವುದನ್ನು ಕಣ್ಣಾರೆ ನೋಡಿದರು. ಎಟೊಪೊಸೈಡ್ ಎಂಬ ಇನ್ನೊಂದು ಔಷಧವನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಅದೂ ಟೋಪೋಐಸೋಮರೇಸ್-2ನ್ನು ಹಿಡಿದು ಡಿಎನ್‌ಎಯನ್ನು ತುಂಡರಿಸುತ್ತದೆ, ಆದರೆ ಹಿಸ್ಟೋನ್ ಕಳಚುವುದಿಲ್ಲ. ಹಾಗಾಗಿ ತುಂಡರಿಸುವುದು ಒಂದು ಕೆಲಸ, ಕಳಚುವುದು ಇನ್ನೊಂದು ಎಂದು ಬೇರ್ಪಡಿಸಲು ಆಯಿತು.

ಎರಡೂ ಸೇರಿದರೆ ಏಟು ಯಾಕೆ ಬಲವಾಗುತ್ತದೆ ಎಂಬುದು ನನಗೆ ಇಷ್ಟವಾದ ಭಾಗ. ಡಿಎನ್‌ಎ ತುಂಡಾದ ಕೂಡಲೇ ಪಕ್ಕದಲ್ಲಿರುವ ಎಚ್2ಎಎಕ್ಸ್ ಎಂಬ ಹಿಸ್ಟೋನಿನ ಮೇಲೆ "ಇಲ್ಲಿ ಒಡೆದಿದೆ" ಎಂಬ ಗುರುತು ಬೀಳುತ್ತದೆ, ದುರಸ್ತಿಯವರು ಅದನ್ನು ನೋಡಿ ಓಡಿಬರುತ್ತಾರೆ. ಡಾಕ್ಸೋರುಬಿಸಿನ್ ಆ ಹಿಸ್ಟೋನನ್ನೂ ಕಳಚುವುದರಿಂದ ಕರೆಗಂಟೆಯೇ ಇಲ್ಲವಾಗುತ್ತದೆ. ಮನೆಗೆ ಕನ್ನ ಹಾಕಿ, ಜೊತೆಗೆ ಫೋನಿನ ತಂತಿಯನ್ನೂ ಕತ್ತರಿಸಿದ ಹಾಗೆ. ಸ್ತನ ಕ್ಯಾನ್ಸರಿಗೆ ಹೊಸ ಹೊಸ ಔಷಧಗಳು ಬಂದರೂ ಈ ಹಳೆಯ ಕೆಂಪು ಔಷಧ ಜಾಗ ಬಿಟ್ಟುಕೊಡದೆ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಕ್ರೊಮ್ಯಾಟಿನ್ ಪ್ರೋಟೀನುಗಳ ತಂಟೆಗೆ ಹೋಗುವ ಔಷಧ ಇದೊಂದೇ ಅಲ್ಲ. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಡಿಎನ್‌ಎಯನ್ನು ಬಾಗಿಸಿದಾಗ ಆ ಬಾಗಿಗೆ ಎಚ್‌ಎಂಜಿಬಿ-1 ಎಂಬ ಪ್ರೋಟೀನ್ ಬಂದು ಕಚ್ಚಿಕೊಳ್ಳುತ್ತದೆ. ಆದರೆ ನಿಮ್ಮ ತಾಯಿಗೆ ಮುಂದೆ ಕೊಡಲಿರುವ ಪ್ಯಾಕ್ಲಿಟ್ಯಾಕ್ಸೆಲ್ ಡಿಎನ್‌ಎಗಾಗಲಿ ಹಿಸ್ಟೋನಿಗಾಗಲಿ ಅಂಟಿಕೊಳ್ಳುವಂಥದ್ದಲ್ಲ. ಕೋಶ ಎರಡಾಗುವಾಗ ವಂಶವಾಹಿಗಳ ಪಾಲು ಎಳೆಯುವ ಹಗ್ಗಗಳನ್ನು ಅದು ಬಿಗಿಗೊಳಿಸಿಬಿಡುತ್ತದೆ. ಅಲ್ಲಿಯ ಕಾಟ ಬೇರೆ, ಮುಖ್ಯವಾಗಿ ಕೈಕಾಲು ಜೋಮು ಹಿಡಿಯುವುದು.

ಈಗ "ಶಾಶ್ವತ" ಎಂಬ ಮಾತು. ಹಿಸ್ಟೋನ್ ಕಳಚುವುದು ಎಂದರೆ ಕಲ್ಲಿನ ಗೋಡೆ ಉರುಳಿದ ಹಾಗೆ ಎಂದು ನೀವು ಚಿತ್ರಿಸಿಕೊಂಡಿದ್ದೀರಿ ಎನಿಸುತ್ತದೆ. ಆರೋಗ್ಯವಂತ ಕೋಶದಲ್ಲೂ ಹಿಸ್ಟೋನ್‌ಗಳು ದಿನವಿಡೀ ಬಿಚ್ಚುತ್ತ, ಮತ್ತೆ ಕೂರುತ್ತ ಇರುತ್ತವೆ. ಒಂದು ವಂಶವಾಹಿಯನ್ನು ಓದಬೇಕಾದರೆ ಬಿಚ್ಚಲೇಬೇಕು, ಡಿಎನ್‌ಎಯ ನಕಲು ತೆಗೆಯಬೇಕಾದರೂ ಬಿಚ್ಚಲೇಬೇಕು. ಔಷಧ ಹೋದ ಮೇಲೆ ಬದುಕುಳಿದ ಕೋಶ ಅವನ್ನು ಮತ್ತೆ ಕೂರಿಸುತ್ತದೆ, ಸಾಲದಿದ್ದರೆ ಹೊಸದು ತಯಾರಿಸುತ್ತದೆ. ಡಾಕ್ಸೋರುಬಿಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಕೊನೆಯ ಹಂತದಲ್ಲಿ 20ರಿಂದ 48 ಗಂಟೆ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಹತ್ತು ದಿನದ ಹೊತ್ತಿಗೆ ರಕ್ತದಲ್ಲಿ ಹೇಳಿಕೊಳ್ಳುವಷ್ಟು ಉಳಿದಿರುವುದಿಲ್ಲ. ಕೂದಲಿನ ಬುಡದ ಕೋಶಗಳಿಗೂ, ಬಾಯೊಳಗಿನ ಪದರಕ್ಕೂ, ಅಸ್ಥಿಮಜ್ಜೆಗೂ ಇದೇ ಏಟು ಬಿದ್ದಿರುತ್ತದೆ. ಗಡ್ಡೆಯ ಕೋಶವನ್ನು ಮಾತ್ರ ಹುಡುಕಿ ಹೊಡೆಯುವ ಬುದ್ಧಿ ಈ ಔಷಧಕ್ಕಿಲ್ಲ. ಆದರೂ ಬಾಯಿಹುಣ್ಣು ಮಾಯುತ್ತದೆ, ಬಿಳಿರಕ್ತಕಣ ಮೂರನೇ ವಾರಕ್ಕೆ ಏರುತ್ತದೆ, ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ ಅಮ್ಮನ ತಲೆಯಲ್ಲಿ ಹೊಸ ಕೂದಲು ಬರುತ್ತದೆ. ಕಂಡಿಕೆಗಳು ಮತ್ತೆ ಕೂತಿವೆ ಎನ್ನುವುದಕ್ಕೆ ಸೂಕ್ಷ್ಮದರ್ಶಕ ಬೇಡ.

ಎಲ್ಲವೂ ಇದ್ದ ಹಾಗೆಯೇ ಮರಳುತ್ತದೆ ಎಂದು ಮಾತ್ರ ಹೇಳಲಾರೆ. ಹಿಸ್ಟೋನ್ ಮತ್ತೆ ಕೂತರೂ ಅದರ ಮೇಲಿದ್ದ ಗುರುತು ಹಾಗೆಯೇ ಬೀಳಬೇಕೆಂದಿಲ್ಲ. ಸಾಯದೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಇಂಥ ಗುರುತಿನ ಹೊಂದಾಣಿಕೆ ಅನುಕೂಲವಾಗುವುದುಂಟು. ಕೆಲವು ಕೋಶಗಳು ವಂಶವಾಹಿಯನ್ನು ಬದಲಿಸಿಕೊಳ್ಳದೆ, ಕ್ರೊಮ್ಯಾಟಿನನ್ನಷ್ಟೇ ಬಿಗಿದುಕೊಂಡು ಔಷಧದ ಕಾಲವನ್ನು ಮುದುಡಿ ಕಳೆದು, ಔಷಧ ಹೋದ ಮೇಲೆ ಮೊದಲಿನಂತಾಗುತ್ತವೆ ಎಂದು 2010ರಲ್ಲಿ ಬಾಸ್ಟನ್‌ನ ಸಂಶೋಧಕರು ಪ್ರಯೋಗಾಲಯದಲ್ಲಿ ತೋರಿಸಿದರು. ಬೇರೆ ಬಗೆಯ ಔಷಧಗಳನ್ನು ಒಂದರ ಹಿಂದೆ ಒಂದು ಕೊಡುವುದರ ಹಿಂದೆ, ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಬಗ್ಗಲಿ ಎಂಬ ಲೆಕ್ಕವಿದೆ. ಇನ್ನು ನಿಜವಾಗಿಯೂ ಉಳಿದುಬಿಡಬಹುದಾದ ಹಾನಿ ಹಿಸ್ಟೋನಿನದಲ್ಲ, ತುಂಡಾದ ಡಿಎನ್‌ಎ ತಪ್ಪಾಗಿ ಜೋಡಣೆಯಾಗುವುದರದು. ಅಸ್ಥಿಮಜ್ಜೆಯ ಒಂದು ಕೋಶದಲ್ಲಿ ಹಾಗಾದರೆ ಕೆಲವು ವರ್ಷಗಳ ಬಳಿಕ ರಕ್ತದ ಕ್ಯಾನ್ಸರ್ ಬರಬಹುದು. ನಿಮ್ಮ ತಾಯಿ ಪಡೆಯುತ್ತಿರುವ ಪ್ರಮಾಣದಲ್ಲಿ ಇದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕಡಿಮೆ ಎಂದು ಮುಚ್ಚಿಡುವಂಥದ್ದಲ್ಲ, ಅದಕ್ಕಾಗಿ ಚಿಕಿತ್ಸೆ ಬಿಡುವಂಥದ್ದೂ ಅಲ್ಲ.

ನಿಮಗೆ ಬರುತ್ತದೆಯೇ ಎಂಬುದಕ್ಕೆ ಉತ್ತರ ಒಂದೇ ಸಾಲಿನದು. ತಾಯಿಯಿಂದ ನೀವು ಪಡೆಯಬೇಕಾದದ್ದನ್ನೆಲ್ಲ ಹುಟ್ಟುವ ಮೊದಲೇ ಪಡೆದಾಗಿದೆ, ಈಗ ಅವರ ಕೋಶಗಳಲ್ಲಿ ಏನಾದರೂ ಅದು ಹಿಂದಕ್ಕೆ ಹರಿದು ನಿಮಗೆ ಬರಲಾರದು. ನಿಮ್ಮ ಮಗುವಿಗಂತೂ ದಾರಿಯೇ ಇಲ್ಲ. ಬರಬಹುದಾದದ್ದು ಬೇರೆ: ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 5ರಿಂದ 10 ಶೇಕಡಾ ಹುಟ್ಟಿನಿಂದಲೇ ಬಂದ ಬಿಆರ್‌ಸಿಎಯಂಥ ವಂಶವಾಹಿ ದೋಷದಿಂದ ಆಗುತ್ತವೆ. ಅಮ್ಮನ ಅಕ್ಕತಂಗಿಯರಲ್ಲಿ, ಅಜ್ಜಿಯಲ್ಲಿ, ಸೋದರಮಾವಂದಿರ ಕಡೆ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂದು ವಿಚಾರಿಸಿ ವೈದ್ಯರಿಗೆ ತಿಳಿಸಿ. ಪರೀಕ್ಷೆ ಬೇಕೆನಿಸಿದರೆ ಮೊದಲು ಅಮ್ಮನ ರಕ್ತದಲ್ಲಿ ಮಾಡುತ್ತಾರೆ, ನಿಮ್ಮದರಲ್ಲಲ್ಲ.

ಹೃದಯದ ವಿಷಯಕ್ಕೆ ಬರುತ್ತೇನೆ. ಗಡ್ಡೆಯ ಕೋಶದಲ್ಲಿ ಹೆಚ್ಚಾಗಿರುವುದು ಟೋಪೋಐಸೋಮರೇಸ್-2ರ ಆಲ್ಫಾ ರೂಪ. ವಿಭಜನೆಯಾಗದ ಹೃದಯದ ಸ್ನಾಯುಕೋಶದಲ್ಲಿರುವುದು ಬೀಟಾ ರೂಪ. ಡಾಕ್ಸೋರುಬಿಸಿನ್ ಎರಡನ್ನೂ ಹಿಡಿಯುತ್ತದೆ. ಇಲಿಗಳ ಹೃದಯದಿಂದ ಬೀಟಾ ರೂಪವನ್ನು ತೆಗೆದುಹಾಕಿದರೆ ಈ ಔಷಧದಿಂದ ಹೃದಯಕ್ಕೆ ಹಾನಿಯಾಗುವುದಿಲ್ಲ ಎಂದು 2012ರಲ್ಲಿ ಹ್ಯೂಸ್ಟನ್‌ನ ತಂಡವೊಂದು ತೋರಿಸಿತು. ಚರ್ಮದ ಕೋಶ ಸತ್ತರೆ ಪಕ್ಕದ್ದು ಹುಟ್ಟಿ ಜಾಗ ತುಂಬುತ್ತದೆ. ಹೃದಯದಲ್ಲಿ ಆ ಸೌಕರ್ಯ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಪ್ರತಿ ಸುತ್ತಿನ ಹಾನಿ ಹಿಂದಿನದರ ಮೇಲೆ ಕೂಡುತ್ತ ಹೋಗುತ್ತದೆ. ಒಟ್ಟು ಪ್ರಮಾಣಕ್ಕೆ ಮಿತಿ ಹಾಕುವುದು ಇದಕ್ಕಾಗಿ. 2003ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ದೇಹದ ಮೇಲ್ಮೈಯ ಚದರ ಮೀಟರಿಗೆ ಒಟ್ಟು 400 ಮಿ.ಗ್ರಾಂ ತಲುಪಿದವರಲ್ಲಿ ಸುಮಾರು 5 ಶೇಕಡಾ, 550 ತಲುಪಿದವರಲ್ಲಿ 26 ಶೇಕಡಾ, 700 ತಲುಪಿದವರಲ್ಲಿ 48 ಶೇಕಡಾ ಮಂದಿಗೆ ಹೃದಯ ವೈಫಲ್ಯ ಕಾಣಿಸಿತ್ತು. ನಿಮ್ಮ ತಾಯಿಗೆ ರೂಢಿಯಂತೆ ಸುತ್ತಿಗೆ 60ರಂತೆ ಕೊಡುತ್ತಿದ್ದರೆ ನಾಲ್ಕು ಸುತ್ತಿಗೆ 240. ಆ ಕಡಿದಾದ ಏರಿನಿಂದ ಬಹಳ ಕೆಳಗಿದ್ದಾರೆ.

ಆದರೆ ಹತೋಟಿಯಲ್ಲಿಲ್ಲದ ಬಿ.ಪಿ. ಈ ಲೆಕ್ಕವನ್ನು ಕೆಡಿಸುತ್ತದೆ. ಕಿಮೊ ಶುರುವಾದ ಮೇಲೆ "ಎಷ್ಟು ಮಾತ್ರೆ ಎಂದು ನುಂಗುವುದು" ಎಂದು ಬಿ.ಪಿ. ಮಾತ್ರೆಯನ್ನು ತಾವೇ ಬಿಟ್ಟ ರೋಗಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಮ್ಮ ಬಿಟ್ಟಿಲ್ಲ ತಾನೇ? ಚಿಕಿತ್ಸೆಗೆ ಮೊದಲು ಎಕೋ ಪರೀಕ್ಷೆ ಮಾಡಿರುತ್ತಾರೆ, ಆ ಕಾಗದದಲ್ಲಿ ಇಜೆಕ್ಷನ್ ಫ್ರಾಕ್ಷನ್ ಎಂಬ ಸಂಖ್ಯೆ ಇರುತ್ತದೆ, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬುದು. ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದಿನ ಎಕೋದಲ್ಲಿ ಅದು 10 ಅಂಶಗಳಿಗಿಂತ ಹೆಚ್ಚು ಕುಸಿದು 50ಕ್ಕಿಂತ ಕೆಳಗಿಳಿದರೆ ಕೆಂಪು ಔಷಧವನ್ನು ಮುಂದುವರಿಸುವ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗ ಹೊಸದಾಗಿ ಉಬ್ಬಸ, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಸಂಜೆಗೆ ಕಾಲು ಊದುವುದು, ಇವನ್ನು "ಕಿಮೊದ ಸುಸ್ತು" ಎಂದು ತಳ್ಳಿಹಾಕಬೇಡಿ. ಈ ತೊಂದರೆ ವರ್ಷಗಳ ಮೇಲೂ ತಲೆ ಹಾಕುವುದುಂಟು. ಹಾಗಾಗಿ ಚಿಕಿತ್ಸೆಯ ಕಾಗದಗಳನ್ನು ಎಸೆಯಬೇಡಿ. ಹತ್ತು ವರ್ಷ ಬಿಟ್ಟು ಬೇರೆ ವೈದ್ಯರಲ್ಲಿಗೆ ಹೋದಾಗಲೂ "ಡಾಕ್ಸೋರುಬಿಸಿನ್ ಇಷ್ಟು ಪಡೆದಿದ್ದೇನೆ" ಎಂದು ಹೇಳುವಂತಿರಬೇಕು.

ಚಿಕ್ಕಪ್ಪನವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮಾತಾಡೋಣ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಹಿಸ್ಟೋನ್‌ಗಳಿಗೆ ಗುರುತು ಹಚ್ಚುವ ಪಿ300 ಎಂಬ ಕಿಣ್ವವನ್ನು ತಡೆಯುವ ವಸ್ತುಗಳನ್ನು ನಮ್ಮ ಸುತ್ತಲಿನ ಗಿಡಮರಗಳಲ್ಲೇ ಹುಡುಕಿತು. 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, 2004ರಲ್ಲಿ ಪುನರ್ಪುಳಿಯ ಗಾರ್ಸಿನಾಲ್, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್. ಒಳ್ಳೆಯ ವಿಜ್ಞಾನ, ನಾವು ಹೆಮ್ಮೆಪಡಬಹುದಾದದ್ದು. ಆದರೆ ಅದು ಪ್ರಯೋಗಾಲಯದಲ್ಲಿ ಕಿಣ್ವದ ಮೇಲೆ, ಕೋಶಗಳ ಮೇಲೆ ಮಾಡಿದ ಕೆಲಸ. ರೋಗಿಗೆ ಕ್ಯಾಪ್ಸೂಲ್ ಕೊಟ್ಟು ಗಡ್ಡೆ ಕರಗಿತೇ ಎಂದು ನೋಡಿದ್ದಲ್ಲ. ನುಂಗಿದ ಕರ್ಕ್ಯುಮಿನ್‌ನ ಹೆಚ್ಚಿನ ಪಾಲು ಕರುಳಿನಲ್ಲೇ ಉಳಿದುಹೋಗುತ್ತದೆ, ಒಳಗೆ ಹೋದದ್ದನ್ನು ಯಕೃತ್ತು ಬೇಗನೆ ಬದಲಿಸಿಬಿಡುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕಿಣ್ವವನ್ನು ತಡೆಯಲು ಬೇಕಾದ ಮಟ್ಟ ಗ್ರಾಂಗಟ್ಟಲೆ ತಿಂದರೂ ರಕ್ತದಲ್ಲಿ ಬರುವುದಿಲ್ಲ.

ಇಷ್ಟೇ ಆಗಿದ್ದರೆ ತಿನ್ನಲಿ ಬಿಡಿ ಎನ್ನುತ್ತಿದ್ದೆ. 2002ರಲ್ಲಿ ಅಮೆರಿಕದ ಸಂಶೋಧಕರು ಸ್ತನ ಕ್ಯಾನ್ಸರ್ ಕೋಶಗಳಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ಡಾಕ್ಸೋರುಬಿಸಿನ್‌ನಿಂದ ಸಾಯುವ ಕೋಶಗಳ ಸಂಖ್ಯೆ ಇಳಿಯಿತು. ಆಹಾರದಲ್ಲಿ ಅದನ್ನು ತಿನ್ನಿಸಿದ ಇಲಿಗಳಲ್ಲಿ ಸೈಕ್ಲೋಫಾಸ್ಫಮೈಡ್‌ಗೆ ಗಡ್ಡೆ ಕುಗ್ಗುವುದೂ ಕಡಿಮೆಯಾಯಿತು. ನಿಮ್ಮ ತಾಯಿ ಪಡೆಯುತ್ತಿರುವುದು ಈ ಎರಡೇ ಔಷಧಗಳನ್ನು. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಿಯೇ ಆಗುತ್ತದೆ ಎಂದಲ್ಲ, ಆದರೆ ಆ ಪಂದ್ಯವನ್ನು ಅಮ್ಮನ ಮೇಲೆ ಕಟ್ಟುವುದು ಯಾಕೆ? ಹೆಚ್ಚು ಶಕ್ತಿಯ ಅರಿಶಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ನನ್ನದೇ ಒಬ್ಬ ರೋಗಿಯ ಯಕೃತ್ತಿನ ಪರೀಕ್ಷೆ ಕಾರಣವಿಲ್ಲದೆ ಏರುತ್ತಿತ್ತು. ಎರಡು ವಾರ ಕಿಮೊ ಮುಂದೂಡಿ ತಲೆ ಕೆರೆದುಕೊಂಡ ಮೇಲೆ ಅವರ ಸೊಸೆ ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನದ ಮಾತು ಇದಲ್ಲ. ಅದನ್ನು ಎಂದಿನಂತೆ ಹಾಕಿ.

ಲಕ್ಷ್ಮಣ ಫಲದ ಕಷಾಯವನ್ನು ಮಾತ್ರ ಖಂಡಿತವಾಗಿ ಬೇಡ ಎನ್ನುತ್ತೇನೆ. ಅದರಲ್ಲಿರುವ ಅನೋನಾಸಿನ್ ನರಕೋಶಗಳಿಗೆ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ರೂಢಿಯಾಗಿ ಸೇವಿಸುವವರಲ್ಲಿ, ಎಂದಿನ ಔಷಧಕ್ಕೆ ಬಗ್ಗದ ಪಾರ್ಕಿನ್ಸನ್ ಮಾದರಿಯ ಕಾಯಿಲೆ ಹೆಚ್ಚಾಗಿರುವುದನ್ನು 1999ರಲ್ಲೇ ಗಮನಿಸಿದ್ದರು. ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ನರಗಳನ್ನು ಕಾಡಲಿದೆ. ಅದಕ್ಕೆ ಮೊದಲೇ ಇನ್ನೊಂದು ನರವಿಷ ಕುಡಿಸುವುದು ಜಾಣತನವಲ್ಲ.

ಹಾಗಾದರೆ ಹಿಸ್ಟೋನ್ ಮೇಲಷ್ಟೇ ಕೆಲಸ ಮಾಡುವ ಔಷಧವಿಲ್ಲವೇ? ಇವೆ. ಗುರುತು ಅಳಿಸುವ ಕಿಣ್ವವನ್ನು ತಡೆಯುವ ವೊರಿನೊಸ್ಟಾಟ್‌ಗೆ 2006ರಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಕ್ಕೆ (ಬಿಳಿರಕ್ತಕಣಗಳ ಕ್ಯಾನ್ಸರ್) ಅನುಮತಿ ಸಿಕ್ಕಿತು. ಇಝಡ್ಎಚ್2 ಎಂಬ ಕಿಣ್ವವನ್ನು ತಡೆಯುವ ಟಾಜೆಮೆಟೊಸ್ಟಾಟ್‌ಗೆ 2020ರಲ್ಲಿ, ಅಪರೂಪದ ಒಂದು ಸಾರ್ಕೋಮಕ್ಕೆ (ಮೃದು ಅಂಗಾಂಶದ ಕ್ಯಾನ್ಸರ್). ಸ್ತನ ಕ್ಯಾನ್ಸರಿನಲ್ಲಿ ವೊರಿನೊಸ್ಟಾಟ್ ಜಾತಿಯದೇ ಆದ ಎಂಟಿನೊಸ್ಟಾಟ್ ಮೇಲೆ ಬಹಳ ಆಸೆ ಇತ್ತು, ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅದು ಆಯುಷ್ಯವನ್ನು ಹೆಚ್ಚಿಸಲಿಲ್ಲ ಎಂದು 2021ರಲ್ಲಿ ತಿಳಿಯಿತು. ಅದೇ ಜಾತಿಯ ಇನ್ನೊಂದಕ್ಕೆ ಚೀನಾ 2019ರಲ್ಲಿ ಅನುಮತಿ ಕೊಟ್ಟಿದೆ, ಅದೂ ಮುಂದುವರಿದ ರೋಗಕ್ಕೆ, ಹಾರ್ಮೋನ್ ಮಾತ್ರೆಯ ಜೊತೆಗೆ. ಶಸ್ತ್ರಚಿಕಿತ್ಸೆಯ ಬಳಿಕ ರೋಗ ಮರುಕಳಿಸದಂತೆ ಕೊಡುವ ಚಿಕಿತ್ಸೆಯಲ್ಲಿ ಡಾಕ್ಸೋರುಬಿಸಿನ್‌ನ ಜಾಗಕ್ಕೆ ಬರುವ ಯೋಗ್ಯತೆಯನ್ನು ಇವುಗಳಲ್ಲಿ ಒಂದೂ ತೋರಿಸಿಲ್ಲ. ಸೌಮ್ಯವೂ ಅಲ್ಲ: ಸುಸ್ತು, ಭೇದಿ, ಪ್ಲೇಟ್‌ಲೆಟ್ ಇಳಿಕೆ ಇವುಗಳಲ್ಲಿ ಸಾಮಾನ್ಯ. ಸ್ವಾರಸ್ಯವೆಂದರೆ ಡಚ್ ತಂಡ ಈಗ ಡಾಕ್ಸೋರುಬಿಸಿನ್‌ನ ರಚನೆಯನ್ನೇ ತುಸು ತಿದ್ದಿ, ಹಿಸ್ಟೋನ್ ಕಳಚುವ ಗುಣ ಉಳಿಸಿ ಡಿಎನ್‌ಎ ತುಂಡರಿಸುವ ಗುಣ ತೆಗೆದಿದೆ. ಇಲಿಗಳಲ್ಲಿ ಗಡ್ಡೆ ಕುಗ್ಗಿತು, ಹೃದಯಕ್ಕೆ ಏನೂ ಆಗಲಿಲ್ಲ. ಅಂದರೆ ನೀವು ಯಾವುದನ್ನು ಹೆದರಿ ಬರೆದಿರೋ ಆ ಹಿಸ್ಟೋನ್ ಕಳಚುವಿಕೆಯೇ ಈ ಔಷಧದ ಸಾಧು ಮುಖವಾಗಿರಬಹುದು. ಆದರೆ ಅದು ಇಲಿಗಳ ಮಾತು, ನಾಳೆ ಔಷಧದಂಗಡಿಯಲ್ಲಿ ಸಿಗುವಂಥದ್ದಲ್ಲ.

ಈಗ ನಿಮ್ಮ ಕೈಯಲ್ಲಿರುವ ದಾರಿಗಳು. ಎಕೋ ಚೆನ್ನಾಗಿದ್ದು ಬಿ.ಪಿ. ಹತೋಟಿಯಲ್ಲಿದ್ದರೆ ಉಳಿದ ಎರಡು ಸುತ್ತನ್ನೂ ಮುಗಿಸುವುದು ನನ್ನ ಆಯ್ಕೆ. ಎಕೋ ಇಳಿದರೆ ಡಾಕ್ಸೋರುಬಿಸಿನ್ ಬಿಟ್ಟು, ಡೊಸಿಟ್ಯಾಕ್ಸೆಲ್ ಮತ್ತು ಸೈಕ್ಲೋಫಾಸ್ಫಮೈಡ್ ಜೋಡಿಗೆ ಹೋಗಬಹುದು ಅಥವಾ ನೇರವಾಗಿ ಪ್ಯಾಕ್ಲಿಟ್ಯಾಕ್ಸೆಲ್‌ಗೆ ದಾಟಬಹುದು. ಹೃದಯಕ್ಕೆ ಹಗುರ, ಆದರೆ ಬೆಲೆ ಇಲ್ಲದೆ ಇಲ್ಲ. 2023ರಲ್ಲಿ ಪ್ರಕಟವಾದ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ ಡಾಕ್ಸೋರುಬಿಸಿನ್ ಜಾತಿಯ ಔಷಧವೂ ಸೇರಿದ್ದ ಚಿಕಿತ್ಸೆಯಲ್ಲಿ ರೋಗ ಮರುಕಳಿಸುವಿಕೆ ಅದಿಲ್ಲದ್ದಕ್ಕಿಂತ ಸರಾಸರಿ 14 ಶೇಕಡಾ ಕಡಿಮೆ ಇತ್ತು. ಇದು ಎರಡು ಗುಂಪುಗಳ ನಡುವಿನ ಹೋಲಿಕೆ, ನೂರು ಜನರಲ್ಲಿ ಹದಿನಾಲ್ಕು ಜನ ಉಳಿದರು ಎಂದು ಓದಿಕೊಳ್ಳಬೇಡಿ. ಗ್ರಂಥಿಗಳಿಗೆ ರೋಗ ಹರಡಿದ್ದ ನಿಮ್ಮ ತಾಯಿಯಂಥವರಿಗೆ ಈ ವ್ಯತ್ಯಾಸವನ್ನು ಬಿಟ್ಟುಕೊಡಲು ಕಾರಣ ಗಟ್ಟಿಯಾಗಿರಬೇಕು. ಹೃದಯಕ್ಕೆ ರಕ್ಷೆ ಕೊಡುವ ಡೆಕ್ಸ್ರಾಜೊಕ್ಸೇನ್ ಇದೆ. ಸಾಮಾನ್ಯವಾಗಿ ಒಟ್ಟು ಪ್ರಮಾಣ 300 ದಾಟಿದ ಮೇಲೆ ಅದರ ಮಾತು ಬರುತ್ತದೆ, ಇಲ್ಲಿ ಅಗತ್ಯ ಬೀಳಲಾರದು. ಯಾರನ್ನೂ ಕೇಳದೆ ಮಧ್ಯದಲ್ಲಿ ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಕಷ್ಟದ ಅರ್ಧ ಅನುಭವಿಸಿ, ಫಲದ ಅರ್ಧ ಬಿಟ್ಟು ಬಂದ ಹಾಗಾಗುತ್ತದೆ.

ಮೂರನೇ ಸುತ್ತಿನ ದಿನ ಔಷಧ ಹರಿಯುವಾಗ ಸೂಜಿಯ ಜಾಗದಲ್ಲಿ ಉರಿ, ಊತ ಕಂಡರೆ ಅಮ್ಮ ಸಂಕೋಚಪಡದೆ ಕೂಡಲೇ ನರ್ಸ್‌ಗೆ ಹೇಳಬೇಕು. ಇದು ರಕ್ತನಾಳದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಒಂದೆರಡು ದಿನ ಮೂತ್ರ ಕೆಂಪಾಗಿರುತ್ತದೆ, ರಕ್ತವಲ್ಲ, ಔಷಧದ ಬಣ್ಣ. ಏಳರಿಂದ ಹದಿನಾಲ್ಕನೇ ದಿನದ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ.

ಇನ್ನು ಮಗು. ಅಜ್ಜಿ ಎತ್ತಿಕೊಳ್ಳಬಹುದು, ಮುದ್ದಿಸಬಹುದು, ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು. ಮುಟ್ಟಿದರೆ ಔಷಧ ಮಗುವಿಗೆ ದಾಟುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಕನಿಷ್ಠ ಎರಡು ದಿನ ಅಮ್ಮನ ಮೂತ್ರ, ವಾಂತಿ ತಾಗಿದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಒಗೆಯಿರಿ, ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ. ಅಪಾಯವಿದ್ದರೆ ಅದು ಮಗುವಿನಿಂದ ಅಜ್ಜಿಗೆ: ಬಿಳಿರಕ್ತಕಣ ಇಳಿದಿರುವ ಎರಡನೇ ವಾರದಲ್ಲಿ ಮಗುವಿಗೆ ನೆಗಡಿ, ಭೇದಿ ಇದ್ದರೆ ದೂರವಿರಲಿ. ಮಗುವಿನ ಲಸಿಕೆಗಳನ್ನು ತಪ್ಪಿಸಬೇಡಿ, ಆದರೆ ಪೋಲಿಯೊ ಹನಿ ಹಾಕಿಸುವ ಮೊದಲು ಮನೆಯಲ್ಲಿ ಕಿಮೊ ಪಡೆಯುವವರಿದ್ದಾರೆ ಎಂದು ಮಗುವಿನ ವೈದ್ಯರಿಗೆ ಹೇಳಿ. ಪೋಲಿಯೊ, ರೋಟಾ ಹನಿಗಳಲ್ಲಿ ಜೀವಂತ ವೈರಸ್ ಇರುವುದರಿಂದ ಅವನ್ನು ಹಾಕಿಸಿದ ಬಳಿಕ ಕೆಲವು ವಾರ ಮಗುವಿನ ಕಕ್ಕಸಿನ ಬಟ್ಟೆ ಬದಲಿಸುವ ಕೆಲಸವನ್ನು ಅಜ್ಜಿ ಮಾಡುವುದು ಬೇಡ, ಮನೆಯ ಬೇರೆ ಯಾರಾದರೂ ಮಾಡಲಿ. ಚಿಕ್ಕಪ್ಪನವರೇ ಮಾಡಬಹುದು.